ಅಮ್ಮಂದಿರ ಪಟ್ಟಿ

ನಾನು ಮಾಡುವ ಕೆಲಸ ಏನೆಂದು ನೆಂಟರಿಷ್ಟರಿಗೆ ವಿವರಿಸುವಷ್ಟರಲ್ಲಿ ನನಗೇ ಸಾಕುಸಾಕಾಗಿಬಿಡುತ್ತದೆ. ನಿಮ್ಮ ಮೊಬೈಲು ಟಿಂಗ್ ಎಂದು ಸದ್ದು ಮಾಡಿ ಮೇಲ್ಗಡೆ ಒಂದು ಸಾಲು ಮೂಡುತ್ತದಲ್ಲ, ಆ ಸಾಲನ್ನು ಬರೆಯುವವಳು ನಾನು. ಕಥೆಯಲ್ಲ, ಕವನವಲ್ಲ, ಒಂದೇ ಒಂದು ಸಾಲು. ಅದೂ ಉದ್ದ ಇರಬಾರದು, ಓದುವವರಿಗೆ ಬೇಜಾರಾಗಬಾರದು, ಓದಿ ಸುಮ್ಮನೆ ಕೂರಲೂ ಬಿಡಬಾರದು. ಇದನ್ನು ಕೇಳಿದಾಗ ನಮ್ಮಮ್ಮ, "ಅಷ್ಟಕ್ಕೆಲ್ಲ ಸಂಬಳ ಕೊಡ್ತಾರಾ?" ಎಂದಿದ್ದಳು. ಆಮೇಲೆ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, "ಫೋನ್ ಕಂಪನಿಯಲ್ಲಿದ್ದಾಳೆ" ಎಂದು ಹೇಳಿ ಮಾತು ತೇಲಿಸಿಬಿಡುತ್ತಿದ್ದಳು.

ನಮ್ಮ ಆಫೀಸು ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿದೆ. ಕೆಳಗಿನಿಂದ ಇಸ್ತ್ರಿಯ ಹಬೆ ಏರಿ ಬಂದು, ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಗಾಜೆಲ್ಲ ಬೆವರುತ್ತದೆ. ಅಲ್ಲಿ ನಾವು ಐದು ಜನ ಕೂತು ಒಂದು ಆ್ಯಪ್ ನಡೆಸುತ್ತೇವೆ. ಅಕ್ಕ, ತಂಗಿ, ಮಾವ, ಅತ್ತೆ, ಭಾವ ಎಂದು ಒಂದೊಂದು ಮನೆತನದವರು ಒಟ್ಟಿಗೆ ಸೇರಿ ಫೋಟೋ ಹಾಕಿಕೊಳ್ಳುವ, ಕ್ಷೇಮ ವಿಚಾರಿಸಿಕೊಳ್ಳುವ ಆ್ಯಪ್ ಅದು. ಒಟ್ಟು ನಾಲ್ಕು ಲಕ್ಷ ಜನ ಇದ್ದಾರೆ. ಹೆಸರಿಗೆ ಇದ್ದಾರೆ ಅಷ್ಟೆ. ತೆರೆದು ನೋಡುವವರು ಕಡಿಮೆ.

ನಮ್ಮ ಯಜಮಾನರಿಗೆ ನಾವು ಇಟ್ಟ ಹೆಸರು ಮೀಟಿಂಗ್‌ರಾಯರು. ಯಾವಾಗ ಯಾರು ಕೇಳಿದರೂ ಅವರು ಮೀಟಿಂಗ್‌ನಲ್ಲಿರುತ್ತಾರೆ. ಕೆಟ್ಟವರೇನಲ್ಲ. ಕೆಟ್ಟವರಾಗುವುದಕ್ಕೆ ಬೇಕಾಗುವಷ್ಟು ಪುರಸೊತ್ತು ಅವರಿಗೆ ಸಿಕ್ಕೇ ಇಲ್ಲ. ಆಮೇಲೆ ಮೌನಿ. ನಾನು ಬರೆದದ್ದನ್ನು ಯಂತ್ರದೊಳಗೆ ಹಾಕಿ ಜನರಿಗೆ ಕಳಿಸುವವನು ಅವನೇ. ತಿಂಗಳಿಗೊಂದು ಸಲ ಬಾಯಿ ಬಿಟ್ಟರೆ ಹೆಚ್ಚು. ಉಳಿದ ಇಬ್ಬರು ಈ ಕಥೆಯ ದಿನಗಳಲ್ಲಿ ರಜೆಯ ಮೇಲೆ ರಜೆ ಹಾಕುತ್ತಿದ್ದರು, ಅವರ ಸುದ್ದಿ ಬೇಡ.

ನಮ್ಮ ಆಫೀಸಿನಲ್ಲಿ ಒಂದು ಕಟ್ಟಳೆ ಇದೆ. ಮಾಡಿದವರು ಮೀಟಿಂಗ್‌ರಾಯರೇ. ಅದನ್ನು ದೊಡ್ಡಕ್ಷರದಲ್ಲಿ ಬರೆಸಿ, ಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ: "ಅಮ್ಮನಿಗೆ ಕಳಿಸಲಾಗದ್ದನ್ನು ಯಾರಿಗೂ ಕಳಿಸಬೇಡ." ಹೊಸದಾಗಿ ಏನೇ ಮಾಡಿದರೂ ಮೊದಲು ಅದು ಹೋಗುವುದು ನಮ್ಮನಮ್ಮ ಅಮ್ಮಂದಿರಿಗೆ. ಮೂರು ವಾರ ನೋಡುತ್ತೇವೆ. ಹನ್ನೆರಡು ಜನರ ಆ ಪಟ್ಟಿಯಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಸೋಮವಾರದ ಮೀಟಿಂಗ್‌ಗೆ ಫೋನಿನಲ್ಲಿ ಬಂದು ತಮ್ಮ ಬಾಯಲ್ಲೇ "ಬೇಡ" ಎಂದರೆ ಮುಗಿಯಿತು, ಅದು ಹೊರಗೆ ಹೋಗುವ ಹಾಗಿಲ್ಲ. ನಮ್ಮ "ಬೇಡ"ಕ್ಕೆ ಬೆಲೆಯಿಲ್ಲ, ಅಮ್ಮನದೇ ಆಗಬೇಕು. ಜವಾಬ್ದಾರಿಯುತ ಕಂಪನಿ ಎಂದು ಈ ಕಟ್ಟಳೆಗೆ ಎಲ್ಲೋ ಒಂದು ಕಡೆ ಬಹುಮಾನವೂ ಬಂದಿತ್ತು. ಮೀಟಿಂಗ್‌ರಾಯರು ಶಾಲು ಹೊದ್ದು ನಿಂತ ಫೋಟೋ ಗೋಡೆಯ ಮೇಲೆ ಕಟ್ಟಳೆಗಿಂತ ದೊಡ್ಡದಾಗಿದೆ.

ತಮಾಷೆಯಲ್ಲ, ಕಟ್ಟಳೆ ಎರಡು ಸಲ ಕೆಲಸಕ್ಕೆ ಬಂದಿದೆ. ಒಮ್ಮೆ ಹೊಸ ಸದ್ದೊಂದನ್ನು ಹಾಕಿದ್ದೆವು. ಮೌನಿಯ ಅಮ್ಮ ಅದನ್ನು ಕುಕ್ಕರಿನ ಸೀಟಿ ಎಂದುಕೊಂಡು ದಿನಕ್ಕೆ ಎಂಟು ಸಲ ಅಡುಗೆಮನೆಗೆ ಓಡಿ ಮಂಡಿ ನೋವು ಬರಿಸಿಕೊಂಡರು. ಇನ್ನೊಮ್ಮೆ ಪ್ರತಿಯೊಬ್ಬರ ಫೋಟೋದ ಮೂಲೆಯಲ್ಲಿ ಕೆಂಪು ಚುಕ್ಕೆ ಇಟ್ಟಿದ್ದೆವು. ನಮ್ಮಮ್ಮ ಅದನ್ನು ನೋಡಿ, ನನ್ನ ಕೆನ್ನೆಯ ಮೇಲೆ ಗುಳ್ಳೆ ಎದ್ದಿದೆಯೆಂದು ಮುಲಾಮು ಹಿಡಿದುಕೊಂಡು ಆಫೀಸಿಗೇ ಬಂದಿದ್ದಳು.

ಪಟ್ಟಿಗೆ ಹನ್ನೆರಡು ಜನ ಬೇಕಿತ್ತು. ಐವರ ಅಮ್ಮಂದಿರಾದರು, ಮೂವರು ಅತ್ತೆಯರಾದರು. ಇನ್ನೂ ನಾಲ್ವರು ಕಡಿಮೆ ಬಿದ್ದಾಗ ನಾನು ನಮ್ಮ ದೊಡ್ಡಮ್ಮನನ್ನೂ ಸೇರಿಸಿದೆ. ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದ ಅಕ್ಕ. ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಅದು ಆಗ ನಿನ್ನ ತಲೆಗೆ ಹೊಳೆಯಲಿಲ್ಲವೇ ಎಂದು ಕೇಳಿದರೆ, ಹೊಳೆದಿತ್ತು. ಪಟ್ಟಿಯಲ್ಲಾದರೂ ಒಟ್ಟಿಗಿರಲಿ ಎಂದುಕೊಂಡೆ.

ಒಂಬತ್ತು ವರ್ಷದ ಮುನಿಸಿಗೆ ಕಾರಣ ಕೇಳಿದರೆ ನಗು ಬರುತ್ತದೆ. ಅಮ್ಮ ಈಗಿರುವ ಮನೆ ಕೊಂಡಾಗ ದೊಡ್ಡಮ್ಮ ನೋಡಲು ಬಂದಿದ್ದಳು. ಕೋಣೆ ಕೋಣೆಯನ್ನೂ ಸುತ್ತಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಮನೆಯೇನೋ ಚೆನ್ನಾಗಿದೆ ಕಣೇ, ಆದ್ರೆ ಗಾಳಿನೇ ಆಡಲ್ಲ" ಎಂದಳು. ಅಮ್ಮ, "ನಿನ್ನ ಮನೇಲಿ ಗಾಳಿ ಜಾಸ್ತಿ, ಅದಕ್ಕೇ ನಾಲಿಗೇನೂ ಹಾರಾಡುತ್ತೆ" ಎಂದಳು. ಅಷ್ಟೇ. ಆಡಿದ ಮಾತು ಒಡೆದ ಮುತ್ತು. ಆವತ್ತಿನಿಂದ ಅಮ್ಮ ಒಂದೊಂದು ಕೋಣೆಗೆ ಎರಡೆರಡು ಫ್ಯಾನು ಹಾಕಿಸಿದ್ದಾಳೆ. ಅಕ್ಕನ ಹೆಸರೆತ್ತಿದರೆ ಎಲ್ಲವನ್ನೂ ಒಟ್ಟಿಗೆ ತಿರುಗಿಸಿಬಿಡುತ್ತಾಳೆ.

ಇನ್ನು ಆ ಸಾಲಿನ ವಿಷಯ. ಒಂದು ದಿನ ಊಟಕ್ಕೆ ಕೂತವಳನ್ನು ಮೀಟಿಂಗ್‌ರಾಯರು ಅರ್ಧದಲ್ಲೇ ಎಬ್ಬಿಸಿದರು. ನೂರು ಜನರಲ್ಲಿ ಹದಿನಾಲ್ಕು ಜನ ಮಾತ್ರ ಆ್ಯಪ್ ತೆರೆಯುತ್ತಿದ್ದಾರೆ, ಹೀಗೇ ಆದರೆ ಬಾಗಿಲು ಹಾಕಿಕೊಂಡು ಕೆಳಗಿನ ಲಾಂಡ್ರಿಯಲ್ಲಿ ಬಟ್ಟೆ ಮಡಿಸಬೇಕಾಗುತ್ತದೆ ಎಂದರು.

"ಎದೆಗೆ ನಾಟೋ ಅಂಥ ಒಂದು ಸಾಲು ಕೊಡಿ ಮೇಡಂ. ಓದಿದ ತಕ್ಷಣ ತೆರೀಲೇಬೇಕು."

ಹಸಿದ ಹೊಟ್ಟೆಯಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ. ಇವರು ಬೇಡವೆನ್ನಲಿ, ನಾನು ಊಟಕ್ಕೆ ಹೋಗುತ್ತೇನೆ ಎಂದು ಕೀಟಲೆಗೆ ಒಂದು ಸಾಲು ಗೀಚಿ ಕೊಟ್ಟೆ: "ನಿಮ್ಮ ಅಕ್ಕ ಈಗಷ್ಟೇ ನಿಮ್ಮನ್ನು ನೆನೆಸಿಕೊಂಡರು." ಅಕ್ಕ ಇರುವ ಜಾಗದಲ್ಲಿ ತಂಗಿ, ಮಗ, ಮಾವ, ಯಾರನ್ನು ಬೇಕಾದರೂ ಕೂರಿಸಬಹುದು.

ಮೀಟಿಂಗ್‌ರಾಯರು ಅದನ್ನು ಮೂರು ಸಲ ಓದಿದರು. ಅವರ ಕಣ್ಣಲ್ಲಿ ನೀರಾಡಿತು.

ಮೌನಿ ಆ ತಿಂಗಳ ಮಾತನ್ನು ಅಲ್ಲೇ ಖರ್ಚು ಮಾಡಿದ. "ನೆನೆಸಿಕೊಂಡ್ರು ಅಂತ ನಮಗೆ ಹೇಗೆ ಗೊತ್ತಾಗುತ್ತೆ ಸಾರ್?"

"ಗೊತ್ತಾಗೋದೇನ್ರೀ? ಅಕ್ಕ ಆದವಳು ತಂಗೀನ ನೆನೆಸಿಕೊಳ್ದೆ ಇರ್ತಾಳಾ? ಮಗ ತಾಯೀನ ನೆನೆಸಿಕೊಳ್ದೆ ಇರ್ತಾನಾ? ಇದು ಸುಳ್ಳಲ್ಲ, ಅಂದಾಜು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಹಿರಿಯರು. ನಾವು ಒಂದೇ ಒಂದು ಅಂದಾಜಲ್ಲಿ ಸಾವಿರ ಮನೆ ಸೇರಿಸ್ತಿದ್ದೀವಿ. ಪ್ರತಿ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಎಲ್ಲರಿಗೂ ಹೋಗ್ಲಿ. ಮೊದಲು ಅಮ್ಮಂದಿರಿಗೆ!"

ಮೊದಲ ಮಂಗಳವಾರ ಹನ್ನೊಂದೂ ಐದಕ್ಕೆ ಅಮ್ಮನ ಫೋನು ಬಂತು. ಏದುಸಿರು ಬಿಡುತ್ತಿದ್ದಳು. "ಏ, ನಿಮ್ಮ ದೊಡ್ಡಮ್ಮ ನನ್ನ ನೆನೆಸಿಕೊಂಡ್ಳಂತೆ ಕಣೇ! ಫೋನೇ ಹೇಳ್ತಿದೆ. ಕೊನೆಗೂ ಅವಳೇ ಬಗ್ಗಿದ್ಲು ನೋಡು. ನಾನು ಹೇಳಿರ್ಲಿಲ್ವಾ? ಪಾಪ, ವಯಸ್ಸಾಯ್ತು. ನಾನೇ ಹೋಗಿ ಬರ್ತೀನಿ." ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಚಪ್ಪಲಿ ಮೆಟ್ಟಿಕೊಂಡಾಗಿತ್ತು.

ಆ ಕಡೆ ದೊಡ್ಡಮ್ಮನ ಫೋನೂ ಅದೇ ಹನ್ನೊಂದಕ್ಕೆ, ತಂಗಿ ನೆನೆಸಿಕೊಂಡಳು ಎಂದು ಹೇಳಿತ್ತು. ಅವಳೂ, ಕೊನೆಗೂ ಅವಳೇ ಬಗ್ಗಿದಳು ಎಂದು ಕೈಚೀಲ ಹಿಡಿದು ಹೊರಟಿದ್ದಳು. ಇಬ್ಬರೂ ಬಸ್ಸು ಬದಲಾಯಿಸುವ ನಿಲ್ದಾಣದಲ್ಲಿ ಎದುರುಬದುರಾದರು. ನೀನೆಲ್ಲಿಗೆ ಎಂದರೆ ನಿನ್ನ ಮನೆಗೆ, ನೀನೆಲ್ಲಿಗೆ ಎಂದರೆ ನಿನ್ನ ಮನೆಗೆ. ಯಾರ ಮನೆಗೆ ಹೋಗುವುದು ಎಂದು ತೀರ್ಮಾನವಾಗುವಷ್ಟರಲ್ಲಿ ಎರಡೂ ಕಡೆಯ ಬಸ್ಸುಗಳು ಹೊರಟುಹೋದವು. ಕಡೆಗೆ ಅಲ್ಲೇ ಕಲ್ಲುಬೆಂಚಿನ ಮೇಲೆ ನಾಲ್ಕು ಗಂಟೆ ಕೂತು ಮಾತಾಡಿದರಂತೆ. ಸಂಜೆ ಅಮ್ಮನ ಮುಖ ನೋಡಬೇಕಿತ್ತು. ಹತ್ತು ವರ್ಷ ಕಳಚಿ ಬಿದ್ದಿತ್ತು.

ಅವರ ರಾಜಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದರಲ್ಲಿ ಸೋತವರೇ ಇರಲಿಲ್ಲ. ತಂಗಿಯೇ ಮೊದಲು ಬಗ್ಗಿದಳು ಎಂದು ದೊಡ್ಡಮ್ಮ ದೊಡ್ಡ ಮನಸ್ಸು ಮಾಡಿದ್ದಳು. ಅಕ್ಕನೇ ಮೊದಲು ಬಗ್ಗಿದಳು ಎಂದು ಅಮ್ಮ ಅದಕ್ಕಿಂತ ದೊಡ್ಡ ಮನಸ್ಸು ಮಾಡಿದ್ದಳು. ಪಾಪ, ಆ ಮಾತೆತ್ತಿ ಯಾಕೆ ಚುಚ್ಚುವುದು ಎಂದು ಇಬ್ಬರೂ ಸುಮ್ಮನಿದ್ದರು. ಭಾನುವಾರ ಬಂದರೆ ದೊಡ್ಡಮ್ಮ ಅಮ್ಮನ ಮನೆಗೆ ಬಂದು ಬೆಳಗಿಂದ ಸಂಜೆಯವರೆಗೆ ಇರತೊಡಗಿದಳು. ಅಮ್ಮ ಹಾಡಿಕೊಂಡು ಪಾತ್ರೆ ತೊಳೆಯುವುದನ್ನು ನಾನು ಎಷ್ಟೋ ವರ್ಷದ ಮೇಲೆ ಕೇಳಿದೆ. ನನ್ನ ಕಳ್ಳ ಸಾಲಿನ ಮೇಲೆ ನನಗೇ ಪ್ರೀತಿ ಬಂದುಬಿಟ್ಟಿತು.

ಆದರೆ ಆ ಪಟ್ಟಿಯಲ್ಲಿ ಮೊದಲ ಹೆಸರು ಮೀಟಿಂಗ್‌ರಾಯರ ಅಮ್ಮನದು.

ಆಫೀಸಿನ ಫೋನು ಇರುವುದು ನನ್ನ ಮೇಜಿನ ಮೇಲೆ. ಮೊದಲ ಮಂಗಳವಾರ ಹನ್ನೊಂದೂವರೆಗೆ ಅದು ಹೊಡೆದುಕೊಂಡಿತು. "ನಾನು ಕಣಮ್ಮ, ನಿಮ್ಮ ಸಾಹೇಬರ ತಾಯಿ. ಮಗ ಈಗಷ್ಟೇ ನೆನೆಸಿಕೊಂಡನಂತೆ. ಅವನ ಮೊಬೈಲಿಗೆ ಮಾಡಿದ್ರೆ ಎತ್ತಲ್ಲ. ಸ್ವಲ್ಪ ಕೊಡ್ತೀಯಾ?"

ನಾನು ಗಾಜಿನ ಆ ಕಡೆ ನೋಡಿದೆ. ರಾಯರು ಕೈಯಲ್ಲೇ "ಆಮೇಲೆ" ಎಂದರು. "ಮೀಟಿಂಗ್‌ನಲ್ಲಿದ್ದಾರಮ್ಮ" ಎಂದೆ.

ಎರಡನೆಯ ಮಂಗಳವಾರವೂ ಅದೇ. ಮೂರನೆಯ ಮಂಗಳವಾರ ಅವರು ಮಗನನ್ನು ಕರೆ ಎಂದು ಕೇಳಲೇ ಇಲ್ಲ. "ನಿನ್ನನ್ನ ಒಂದು ಮಾತು ಕೇಳ್ಲಾ ತಾಯಿ? ವಾರವಾರ ನೆನೆಸಿಕೊಳ್ತಾನೆ. ನೆನೆಸಿಕೊಂಡು ಸುಮ್ಮನಾಗಿಬಿಡ್ತಾನೆ. ನನ್ನ ಮೇಲೆ ಏನಾದ್ರೂ ಕೋಪ ಇದೆಯಾ ಅವನಿಗೆ? ನೀನಾದ್ರೂ ಹೇಳು, ತಿದ್ದಿಕೊಳ್ತೀನಿ."

"ಇಲ್ಲಮ್ಮ, ಅದು ಹಾಗಲ್ಲ, ಆ ಸಾಲು..." ಎಂದು ತೊದಲಿದೆ.

"ಇರ್ಲಿ ಬಿಡು" ಎಂದರು. "ಬೇರೆ ಏನಿಲ್ದಿದ್ರೂ ನೆನೆಸಿಕೊಳ್ತಾನಲ್ಲ. ಅಷ್ಟೇ ಸಾಕು ನನಗೆ."

ಅದನ್ನು ಅವರ ಕೈಯಿಂದ ಕಿತ್ತುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಫೋನಿಟ್ಟು ನೇರ ರಾಯರ ಕೋಣೆಗೆ ನುಗ್ಗಿದೆ. "ಸಾರ್, ನಿಮ್ಮ ತಾಯಿ ಮೂರು ವಾರದಿಂದ ಈ ಸಾಲು ನಂಬಿ ಫೋನ್ ಮಾಡ್ತಿದ್ದಾರೆ."

ಅವರ ಮುಖ ಅರಳಿತು. "ನೋಡಿದ್ರಾ? ನಮ್ಮಮ್ಮನೂ ತೆರೀತಿದ್ದಾರೆ! ಹನ್ನೆರಡಕ್ಕೆ ಹನ್ನೊಂದು ಜನ! ಮುಂದಿನ ಸೋಮವಾರ ಯಾವ ಅಮ್ಮನೂ ಬೇಡ ಅನ್ನಲಿಲ್ಲ ಅಂದ್ರೆ ನಾಲ್ಕು ಲಕ್ಷ ಜನಕ್ಕೂ ಬಿಡೋದೇ."

ಆ ರಾತ್ರಿ ಅನ್ನ ಸೇರಲಿಲ್ಲ. ನಾಲ್ಕು ಲಕ್ಷ ಜನ. ಅದರಲ್ಲಿ ಹೀಗೆ ಫೋನಿನ ಹತ್ತಿರ ಕೂತು, ನನ್ನ ತಪ್ಪೇನು ಎಂದು ಕೇಳುವವರು ಎಷ್ಟು ಮಂದಿಯೋ. ಬೇಡವೆನ್ನಲು ಒಬ್ಬ ಅಮ್ಮ ಬೇಕು. ಯಾವ ಅಮ್ಮ ಬೇಡವೆಂದಾಳು? ಎಲ್ಲರನ್ನೂ ಯಾರೋ ಒಬ್ಬರು ವಾರಕ್ಕೊಮ್ಮೆ ನೆನೆಸಿಕೊಳ್ಳುತ್ತಿದ್ದಾರೆ, ಎಲ್ಲರೂ ಸುಖವಾಗಿದ್ದಾರೆ. ಬೇಡ ಎನ್ನಿಸಬೇಕಾದರೆ ನಿಜ ಹೇಳಬೇಕು. ನಿಜ ಹೇಳುವುದಾದರೆ ನನ್ನ ಅಮ್ಮನಿಗೇ ಹೇಳಬೇಕು. ಬೇರೆಯವರ ತಾಯಿಯ ಸುಖ ಕೆಡಿಸಿ ನನ್ನ ತಾಯಿಯದನ್ನು ಬಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ? ಹೇಳಿದರೆ ಒಂಬತ್ತು ವರ್ಷದ ಮೇಲೆ ಸಿಕ್ಕ ಅಕ್ಕ ಅವಳ ಕೈತಪ್ಪುತ್ತಾಳೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ, ಉಗುಳಲೂ ಆರದೆ ನುಂಗಲೂ ಆರದೆ ಐದು ದಿನ ಕಳೆದೆ.

ಭಾನುವಾರ ಅಮ್ಮನ ಮನೆಗೆ ಹೋದಾಗ ಅಕ್ಕತಂಗಿಯರು ಹಾಸಿಗೆಯ ಮೇಲೆ ಹಳೆಯ ಸೀರೆಗಳನ್ನು ಹರಡಿಕೊಂಡು ಕೂತಿದ್ದರು. ಅಮ್ಮನೊಬ್ಬಳಿಗೇ ಹೇಳೋಣವೆಂದರೆ ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇಬ್ಬರಿಗೂ ಒಟ್ಟಿಗೇ ಹೇಳಿಬಿಟ್ಟೆ.

ಮೊದಲು ಇಬ್ಬರೂ ನಂಬಲಿಲ್ಲ. ದೊಡ್ಡಮ್ಮ, "ಫೋನು ಯಾಕೆ ಸುಳ್ಳು ಹೇಳುತ್ತೆ? ಅದಕ್ಕೇನು ಲಾಭ?" ಎಂದಳು.

"ಅದು ಹೇಳಿದ್ದಲ್ಲ ದೊಡ್ಡಮ್ಮ. ಬರೆದವಳು ನಾನು. ನನ್ನ ಕೈಯಾರೆ ಬರೆದೆ. ಯಾರು ಯಾರನ್ನ ನೆನೆಸಿಕೊಂಡ್ರು ಅಂತ ನಮಗೆ ಒಂದಕ್ಷರ ಗೊತ್ತಿಲ್ಲ."

ಅಮ್ಮ ಕೈಯಲ್ಲಿದ್ದ ಸೀರೆಯನ್ನು ನಿಧಾನವಾಗಿ ಮಡಿಸಿಟ್ಟಳು. "ಅಂದ್ರೆ ನನ್ನ ಅಕ್ಕನ ಪರವಾಗಿ ನೀನು ನೆನೆಸಿಕೊಂಡೆ?"

ನಾನು ತಲೆ ತಗ್ಗಿಸಿದೆ. ಬೈಗುಳ ಬೀಳುತ್ತದೆ ಎಂದು ಕಾದೆ. ಬೀಳಲಿಲ್ಲ. ಬದಲಿಗೆ ಅಮ್ಮ ಅಕ್ಕನ ಕಡೆ ತಿರುಗಿದಳು. "ಹಾಗಾದ್ರೆ ಆವತ್ತು ನೀನು ನನ್ನ ನೆನೆಸಿಕೊಳ್ಳಲೇ ಇಲ್ಲ."

"ನೀನು ನೆನೆಸಿಕೊಂಡಿದ್ಯಾ?"

"ಮೊದಲು ಕೇಳಿದ್ದು ನಾನು."

"ದೊಡ್ಡವಳು ನಾನು. ನೀನು ಹೇಳು."

ಇಬ್ಬರಲ್ಲಿ ಯಾರಾದರೂ ಒಬ್ಬರು "ಹೂಂ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹೂಂ ಎಂದವಳು ಮೊದಲು ಬಗ್ಗಿದವಳಾಗುತ್ತಾಳೆ. ಆ ವಂಶದಲ್ಲಿ ಬೆನ್ನುಮೂಳೆ ಬಹಳ ಗಟ್ಟಿ, ನಾನೂ ಅಲ್ಲಿಯವಳೇ, ನನಗೆ ಗೊತ್ತು. ಇಬ್ಬರೂ ತುಟಿ ಬಿಗಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಆಮೇಲೆ ದೊಡ್ಡಮ್ಮ ಎದ್ದು ಕೈಚೀಲ ತೆಗೆದುಕೊಂಡಳು. ಬಾಗಿಲಲ್ಲಿ ಹಿಂದಿರುಗಿ ನೋಡಲಿಲ್ಲ. ಅಮ್ಮ ಎದ್ದು ಹೋಗಿ ಆರು ಫ್ಯಾನುಗಳನ್ನೂ ಹಾಕಿದಳು. ಸೀರೆಗಳು ಮನೆತುಂಬ ಹಾರಾಡಿದವು. ನನ್ನ ಜೊತೆ ಒಂದು ಮಾತೂ ಇಲ್ಲ.

ಸೋಮವಾರದ ಮೀಟಿಂಗ್‌ನಲ್ಲಿ ರಾಯರು ಹೊಸ ಅಂಗಿ ತೊಟ್ಟು ಬಂದಿದ್ದರು. "ಯಾವ ಅಮ್ಮನಿಂದಾದರೂ ಆಕ್ಷೇಪ?" ಎಂದು ನಗುತ್ತ ಕೇಳಿದರು. ನಾನು ಅಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ನನ್ನ ಮೇಲಿನ ಸಿಟ್ಟಿಗೆ ಅವಳು ಎತ್ತದೇ ಇರಬಹುದು, ಎತ್ತಿ "ಬೇಕು" ಎಂದೇ ಹೇಳಿಬಿಡಬಹುದು. ಇನ್ನೊಂದು ಮಂಗಳವಾರ ಇನ್ನೊಂದು ಸುಳ್ಳು ಬರಲಿ, ಅದರಿಂದಲಾದರೂ ಅಕ್ಕ ಬಂದಾಳು ಎಂದು ಅವಳಿಗೆ ಅನ್ನಿಸಿದ್ದರೆ ತಪ್ಪೇನು?

ಅಮ್ಮ ಎತ್ತಿದಳು. "ಅವಳ ಜೊತೆ ನನಗೆ ಮಾತಿಲ್ಲ, ಸಾಹೇಬ್ರಿಗೆ ಕೊಡಿ" ಎಂದಳು.

"ಹೇಳಿ ಅಮ್ಮಾ, ಕೇಳಿಸ್ತಿದೆ" ಎಂದರು ರಾಯರು.

"ಆ ಸಾಲು ಬೇಡ. ಹಾಕ್ಬೇಡಿ."

"ಯಾಕಮ್ಮಾ? ನಿಮಗೆ ಸಂತೋಷ ಆಗಿತ್ತಲ್ಲ?"

"ಆಗಿತ್ತು. ಎರವಲು ಓಲೆ ಹಾಕ್ಕೊಂಡಾಗಲೂ ಸಂತೋಷ ಆಗುತ್ತೆ. ವಾಪಸ್ ಕೇಳಿದಾಗ ಕಿವಿ ಬೋಳು. ನನ್ನ ಅಕ್ಕ ನನ್ನ ನೆನೆಸಿಕೊಂಡ್ಳು ಅಂತ ಹೇಳೋಕೆ ನೀವ್ಯಾರ್ರೀ? ನೆನೆಸಿಕೊಂಡಿದ್ರೆ ಅವಳೇ ಹೇಳ್ಲಿ. ಹೇಳದಿದ್ರೆ ಬಿಡ್ಲಿ. ನಡುವೆ ನಿಮ್ಮದೇನು ಕೆಲಸ?"

ಫೋನು ಇಟ್ಟ ಸದ್ದು ಕೇಳಿಸಿತು. ರಾಯರು ಗೋಡೆಯ ಮೇಲಿನ ಕಟ್ಟಳೆಯನ್ನು ನೋಡಿದರು, ಶಾಲು ಹೊದ್ದ ತಮ್ಮ ಫೋಟೋವನ್ನು ನೋಡಿದರು. ತಾವೇ ತೋಡಿದ ಬಾವಿ. ಕೊನೆಗೆ ಕುರ್ಚಿಯಲ್ಲಿ ಕುಸಿದು, "ಸರಿ, ಹಾಗಾದ್ರೆ ನಿಜವಾದ ಸಾಲನ್ನೇ ಬರೀರಿ. ಅದನ್ನ ಯಾರು ತೆರೀತಾರೋ ನಾನೂ ನೋಡ್ತೀನಿ" ಎಂದರು.

ನನಗೂ ಸಿಟ್ಟಿತ್ತು. ಅಲ್ಲೇ ನಿಂತು ಬರೆದೆ: "ನಿಮ್ಮ ಅಕ್ಕ ನಿಮ್ಮನ್ನು ನೆನೆಸಿಕೊಂಡರೋ ಇಲ್ಲವೋ ನಮಗೆ ಗೊತ್ತಿಲ್ಲ. ನೀವೇ ಕೇಳಿ ನೋಡಿ."

"ಇದನ್ನ ಯಾರ್ರೀ ತೆರೀತಾರೆ?"

"ನಾನು ತೆರೀತೀನಿ" ಎಂದ ಮೌನಿ. ತಿಂಗಳು ಇನ್ನೂ ಮುಗಿದಿರಲಿಲ್ಲ. ನಾವಿಬ್ಬರೂ ಅವನನ್ನೇ ನೋಡಿದೆವು. ಅವನು ಅಲ್ಲಿಗೂ ನಿಲ್ಲಿಸಲಿಲ್ಲ. ಆ ಸಾಲನ್ನು ಒತ್ತಿದರೆ ನಮ್ಮ ಆ್ಯಪ್ ತೆರೆಯುವುದು ಬೇಡ, ನೇರವಾಗಿ ಆ ಅಕ್ಕನಿಗೋ ಮಗನಿಗೋ ಫೋನು ಹೋಗಲಿ ಎಂದ. ಮನೆಗೆ ಬಂದವರಿಗೆ ಬಾಗಿಲಲ್ಲೇ ಕೈಮುಗಿದು ಪಕ್ಕದ ಮನೆಯ ದಾರಿ ತೋರಿಸುವ ಕೆಲಸ ಅದು. ರಾಯರು ಎದೆ ಹಿಡಿದುಕೊಂಡರು. ಆದರೂ ಮಂಗಳವಾರಕ್ಕೆ ಬೇರೆ ಸಾಲು ಇರಲಿಲ್ಲ. ಅಮ್ಮಂದಿರಿಗೆ ಅದೇ ಹೋಗಲಿ ಎಂದು ಕೈಬೀಸಿದರು.

ಮಂಗಳವಾರ ನಾನು ರಜೆ ಹಾಕಿ ಅಮ್ಮನ ಮನೆಗೆ ಹೋದೆ. ಅಮ್ಮ ಬಾಗಿಲು ತೆರೆದು ಒಳಗೆ ನಡೆದಳು. ಟೀ ಲೋಟವನ್ನು ನನ್ನ ಮುಂದೆ ಕುಕ್ಕಿದಳು. ಭಾನುವಾರದಿಂದ ನನಗೆ ದಕ್ಕಿದ ಉಪಚಾರ ಅದೊಂದೇ.

ಹನ್ನೊಂದಕ್ಕೆ ಟಿಂಗ್ ಎಂದಿತು. ಅಮ್ಮ ಕನ್ನಡಕ ಏರಿಸಿ ಒಂದೊಂದೇ ಪದ ಬಿಡಿಸಿ ಓದಿದಳು. "ಗೊತ್ತಿಲ್ವಂತೆ! ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರ್ಬೇಕಪ್ಪ." ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಫೋನಿನ ಸುತ್ತ ಒರೆಸಿದಳು, ಫೋನನ್ನೂ ಒರೆಸಿದಳು. ಒರೆಸುವ ನೆಪದಲ್ಲಿ ಬೆರಳು ಆ ಸಾಲಿನ ಮೇಲೆ ಬಿತ್ತು. ನಾನು ಟೀ ಲೋಟದೊಳಗೆ ಮುಖ ಹುದುಗಿಸಿದೆ.

"ಎಂಗೇಜು" ಎಂದಳು ಅಮ್ಮ, ಯಾರಿಗೋ ಹೇಳುವಂತೆ. ಇನ್ನೊಮ್ಮೆ ಒತ್ತಿದಳು. "ಇನ್ನೂ ಎಂಗೇಜು. ನೋಡು, ನನ್ನ ಬಿಟ್ಟು ಯಾರ ಹತ್ರಾನೋ ಹರಟೆ ಹೊಡೀತಿದ್ದಾಳೆ. ಇವಳು ನನ್ನ ನೆನೆಸಿಕೊಳ್ತಾಳಂತೆ!" ಕಣ್ಣು ತುಂಬಿಕೊಂಡವು. ಮೂರನೆಯ ಸಲ ಒತ್ತಿದಳು.

ನನಗೆ ಆಗ ಹೊಳೆಯಿತು. ಅದೇ ಹನ್ನೊಂದಕ್ಕೆ ದೊಡ್ಡಮ್ಮನ ಫೋನೂ ಟಿಂಗ್ ಎಂದಿರುತ್ತದೆ. "ಅಮ್ಮ, ಅವಳೂ ನಿನಗೇ ಮಾಡ್ತಿದ್ದಾಳೆ! ಇಬ್ಬರೂ ಒಟ್ಟಿಗೆ ಮಾಡಿದ್ರೆ ಎಂಗೇಜೇ ಬರೋದು. ಸ್ವಲ್ಪ ಹೊತ್ತು ಕೆಳಗಿಡು."

"ನಾನ್ಯಾಕೆ ಇಡ್ಲಿ? ಅವಳೇ ಇಡ್ಲಿ."

ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ಅಮ್ಮನ ಕೈಯಿಂದ ಫೋನು ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದುಕೊಂಡೆ. ಅರವತ್ತಾರು ವರ್ಷದ ಹೆಂಗಸು ನನ್ನ ಸುತ್ತ ಗಿರಕಿ ಹೊಡೆದಳು. ಅಷ್ಟರಲ್ಲಿ ನನ್ನ ಸ್ವಂತ ಮೊಬೈಲು ಹೊಡೆದುಕೊಂಡಿತು. ಮೌನಿ.

"ಸಾರ್ ಮೊಬೈಲ್ ಎತ್ತಲಿಲ್ಲ ಅಂತ ಅವರ ತಾಯಿ ಆಫೀಸ್ ಫೋನಿಗೆ ಮಾಡಿದ್ರು" ಎಂದ. "ಕೇಳಿ ನೋಡಿ ಅಂತ ಬಂದಿದೆ, ಕೇಳಲೇಬೇಕು, ಇವತ್ತು ಕಾಯ್ತೀನಿ ಅಂದ್ರು. ಸಾರ್ ನಿಮ್ಮ ಮೇಜಿನ ಹತ್ರ ನಿಂತು ಮಾತಾಡ್ತಿದ್ದಾರೆ. ಒಂದು ಮೀಟಿಂಗ್ ಹೋಯ್ತು. ಎರಡನೇದಕ್ಕೂ ಬರಲ್ಲ ಅಂತ ಕೈ ಮಾಡಿದ್ರು."

"ಏನಂತಿದ್ದಾರೆ?"

"ಊಟ ಮಾಡ್ತೀನಮ್ಮ ಅಂತ. ಅದನ್ನೇ ಹೇಳ್ತಿದ್ದಾರೆ, ಆಗ್ಲಿಂದ."

ಆಗಲೇ ನನ್ನ ಬೆನ್ನ ಹಿಂದೆ ಅಮ್ಮನ ಫೋನು ರಿಂಗಾಯಿತು. ಅಮ್ಮ ನನ್ನ ಕೈ ತಿರುಚಿ ಅದನ್ನು ಕಸಿದುಕೊಂಡಳು. ಗಡಿಬಿಡಿಯಲ್ಲಿ ಸ್ಪೀಕರು ಒತ್ತಿಕೊಂಡಿತು.

"ಯಾರ ಹತ್ರ ಅಷ್ಟು ಹೊತ್ತು ಮಾತಾಡ್ತಿದ್ದೆ?" ದೊಡ್ಡಮ್ಮನ ಗಂಟಲು ಇಡೀ ಕೋಣೆಯನ್ನು ತುಂಬಿತು.

"ನಿನಗೇ ಮಾಡ್ತಿದ್ದೆ ಕಣೇ, ಎತ್ತಿದ್ರೆ ತಾನೆ!"

"ನಾನು ನಿನಗೆ ಮಾಡ್ತಿದ್ದೆ!"

"ನಾನೇ ಮೊದಲು ಮಾಡಿದ್ದು."

"ಸಾಧ್ಯಾನೇ ಇಲ್ಲ. ಟಿಂಗ್ ಅಂದ ತಕ್ಷಣ ಒತ್ತಿದವಳು ನಾನು."

ಇಬ್ಬರೂ ತಟಕ್ಕನೆ ನಿಲ್ಲಿಸಿದರು. ಆಡಬಾರದ ಮಾತು ಇಬ್ಬರ ಬಾಯಿಂದಲೂ ಜಾರಿಬಿಟ್ಟಿತ್ತು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅದರಲ್ಲಿ ಏನೂ ಅಂಟಿರಲಿಲ್ಲ.

"ಕೇಳಿ ನೋಡಿ ಅಂತ ಹಾಕಿದ್ದಾರೆ, ಅದಕ್ಕೆ ಕೇಳ್ತಿದ್ದೀನಿ" ಎಂದಳು ಅಮ್ಮ. ದನಿ ಸಣ್ಣಗಾಗಿತ್ತು. "ಈ ಒಂಬತ್ತು ವರ್ಷದಲ್ಲಿ ಒಂದು ದಿನಾನಾದ್ರೂ ನನ್ನ ನೆನೆಸಿಕೊಂಡಿದ್ಯಾ ಅಕ್ಕ?"

ಆ ಕಡೆ ದೊಡ್ಡಮ್ಮ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಒಂದು ದಿನಾನೂ ಬಿಡದೆ ಬೈದುಕೊಂಡಿದ್ದೀನಿ ಕಣೇ ನಿನ್ನ" ಎಂದಳು ದೊಡ್ಡಮ್ಮ. "ಮರೆತುಹೋದವರನ್ನ ಯಾರಾದ್ರೂ ಬೈತಾರಾ?"

ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಕಾಲು ಚಾಚಿಕೊಂಡಳು. "ಏನೇನಂತ ಬೈದೆ, ಮೊದಲಿಂದ ಹೇಳು" ಎಂದಳು.